ತಮ್ಮನ ಗಡ್ಡ

ಜೂನ್ ೧೪, ಶುಕ್ರವಾರ.

ಈ ವಾರವೆಲ್ಲ ನನ್ನ ಸೆಲೂನಿನಲ್ಲಿ ಕೂರಲು ಜಾಗವಿರಲಿಲ್ಲ. ದಿನಾ ರಾತ್ರಿ ಮಂಡಿಯೂರಿ, ‘ಕರ್ತನೇ, ಒಳ್ಳೆಯ ವ್ಯಾಪಾರ ಕೊಟ್ಟೆ, ಸ್ತೋತ್ರ’ ಎನ್ನುತ್ತಿದ್ದೆ. ಎದುರಿಗಿರುವ ತಮ್ಮನ ಸೆಲೂನು ಮುಚ್ಚಿದ್ದು ಕಂಡಿತ್ತು. ಯಾಕೆಂದು ವಿಚಾರಿಸಲಿಲ್ಲ. ನಾವು ಮಾತು ಬಿಟ್ಟು ವರ್ಷಗಳಾದವು. ಚರ್ಚಿನಲ್ಲಿ ಒಬ್ಬರಿಗೊಬ್ಬರು ಕೈಕುಲುಕಿ ‘ಸಮಾಧಾನವಿರಲಿ’ ಎನ್ನುವ ಹೊತ್ತಿಗೆ ಅವನು ಎದುರಾಗದಿರಲೆಂದೇ ನಾನು ಮೂಲೆಯಲ್ಲಿ ಕೂರುತ್ತೇನೆ.

ಇವತ್ತು ಅವನೇ ಬಂದು ನನ್ನ ಕುರ್ಚಿಯಲ್ಲಿ ಕೂತ. ಬಲಗೈಗೆ ಪ್ಲಾಸ್ಟರ್, ಮುಖದ ತುಂಬ ಗಡ್ಡ.

“ಬಿದ್ದು ಕೈ ಮುರ್ಕೊಂಡೆ ಅಣ್ಣ. ಬೇರೆಯವರ ಕತ್ತಿಗೆ ಕತ್ತು ಕೊಡಕ್ಕೆ ಧೈರ್ಯ ಬರ್ಲಿಲ್ಲ.”

“ನನ್ನ ಕತ್ತಿಗೆ ಕೊಡ್ತೀಯಾ?” ಎಂದೆ, ನೊರೆ ಹಚ್ಚುತ್ತಾ.

“ಕಸುಬು ಕಲ್ಸಿದ್ದು ನೀನೇ ತಾನೇ? ಬೇಗ ಮಾಡು, ನೊರೆ ಒಣಗುತ್ತೆ.”

ಗದ್ದ ಎತ್ತಿ ಹಿಡಿದೆ. ಥೇಟ್ ಅಪ್ಪನ ಗದ್ದ. ಅವನು ನಿಶ್ಚಿಂತೆಯಿಂದ ಕಣ್ಣು ಮುಚ್ಚಿದ. ಕತ್ತಿಯನ್ನು ಇನ್ನೊಮ್ಮೆ ಮಸೆದು, ನಿಧಾನವಾಗಿ ಗಡ್ಡ ತೆಗೆದೆ.

ಈಗ ಪ್ರಾರ್ಥನೆಗೆ ಬಾಯಿ ಬರುತ್ತಿಲ್ಲ. ವಾರವಿಡೀ ನಾನು ಸ್ತೋತ್ರ ಹೇಳಿದ್ದು ತಮ್ಮನ ಕೈ ಮುರಿದಿದ್ದಕ್ಕೆ.

ನಾಳೆ ಅವನ ಬಾಗಿಲು ನಾನೇ ತೆಗೆಯಬೇಕು. ಅವನ ಗಿರಾಕಿಗಳನ್ನು ಅವನ ಕುರ್ಚಿಯಲ್ಲೇ ಕೂರಿಸಬೇಕು. ಆಗ ನನ್ನ ಸೆಲೂನು ಯಾರು ನೋಡಿಕೊಳ್ಳುತ್ತಾರೆ?

ನೋಡು ಕರ್ತನೇ, ಮತ್ತೆ ‘ನನ್ನ ಸೆಲೂನು’...