ಭಾವನಿಗೂ ಬಿಳಿ ಸ್ಯಾಟಿನ್

ಮಾರ್ಚ್ 3, ಸೋಮವಾರ

ಎರಡು ಶವಪೆಟ್ಟಿಗೆಗೆ ಒಳಬಟ್ಟೆ ಹೊಲಿದು ಮುಗಿಸಿದೆ. ಹಾಳು ಸ್ಯಾಟಿನ್, ಹಿಡಿದಲ್ಲಿ ನಿಲ್ಲುವುದಿಲ್ಲ. ಬಡಗಿ ಯಜಮಾನರದು ಅದೇ ಹಾಡು— "ದಿಂಬು ಮೆತ್ತಗಿರ್ಲಮ್ಮ. ನಮ್ಮ ಗಿರಾಕಿಗಳು ವಾಪಸ್ ಬಂದು ಕಂಪ್ಲೇಂಟ್ ಮಾಡಲ್ಲ ಅಂತ ಸದರ ಬೇಡ."

ನಕ್ಕೆ. ಒಬ್ಬಳು ಬರುತ್ತಾಳೆ ಎಂದು ಹೇಳಲಿಲ್ಲ.

ಊಟಕ್ಕೆಂದು ಮಷಿನ್ ನಿಲ್ಲಿಸಿದಾಗ ಬೆನ್ನ ಹಿಂದೆ ಅಕ್ಕ ಗುನುಗುತ್ತಿದ್ದಳು. ತಿರುಗಲಿಲ್ಲ. ತಿರುಗಿದರೆ ಇರುವುದಿಲ್ಲ. ಹೋಗಿ ನಾಲ್ಕು ವರ್ಷ. ಭಾವ ಕುಡಿದು ಬಂದು ಮೆಟ್ಟಿಲ ಮೇಲಿಂದ ತಳ್ಳಿದ... ಅವಳ ಪೆಟ್ಟಿಗೆಗೂ ನಾನೇ ಹೊಲಿದಿದ್ದೆ.

ಮಾರ್ಚ್ 5, ಬುಧವಾರ

ಭಾವ ಜೈಲಿನಲ್ಲಿ ತೀರಿಕೊಂಡನಂತೆ. ಲಿವರ್. ಅವನ ಕಡೆಯವರು ಹೆಣವೂ ಬೇಡ ಎಂದರಂತೆ. ಪೆಟ್ಟಿಗೆಯ ಆರ್ಡರ್ ನಮಗೇ ಬಂದಿದೆ. ಕೊಟ್ಟವಳು ನನ್ನ ಅಮ್ಮ!

ಯಜಮಾನರು ಮೆಲ್ಲಗೆ ಹೇಳಿದರು, "ನಿನ್ನ ಕೈಲಿ ಆಗ್ದಿದ್ರೆ ಬಿಡಮ್ಮ. ಬರೀ ಹಲಗೆ ಮೇಲೇ ಮಲಗ್ಲಿ."

ಬರೀ ಹಲಗೆ. ಆ ಮಾತನ್ನು ದಿನವಿಡೀ ಚಪ್ಪರಿಸಿದೆ.

ಅದೇ ದಿನ, ಸಂಜೆ

ಅಮ್ಮ ಒಲೆಯ ಮುಂದಿದ್ದಳು. ನೇರ ಕೇಳಿದೆ.

"ನಿಂಗೆ ಎಲ್ಲಾ ಮರ್ತೇ ಹೋಯ್ತಾ?"

"ಮರ್ತಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ ಕಣೇ."

ತಿಂಗಳು ತಿಂಗಳು ಮಂಡಿನೋವಿನ ಡಾಕ್ಟರ್ ಎಂದು ಹೋಗುತ್ತಿದ್ದಳಲ್ಲ— ಜೈಲಿಗಂತೆ. ಅವನನ್ನು ನೋಡಲು.

"ಮೊದಲ್ನೇ ಸಲ ಹೋಗಿದ್ದು ಶಾಪ ಹಾಕೋಕೆ. ಹೊಟ್ಟೆ ತುಂಬ ಹಾಕ್ದೆ. ದೇವರೇ ಇವನ್ನ ಕೈಬಿಡು ಅಂತ ಬೇಡ್ಕೊಂಡೆ. ದೇವರು ಬಿಡ್ಲಿಲ್ಲ, ತಿಂಗಳು ತಿಂಗಳು ನನ್ನನ್ನೇ ಅವನ ಹತ್ರ ಕಳಿಸ್ದ. ನಂಗೆ ಎಷ್ಟು ಸಿಟ್ಟು ಬಂತು ಗೊತ್ತಾ?"

"ಆಮೇಲೆ?"

"ಇಂಥವನ್ನೇ ಬಿಡದೋನು ನನ್ನ ಮಗಳನ್ನ ಬಿಟ್ಟಿರ್ತಾನಾ? ಕತ್ತಲ ಮೆಟ್ಟಿಲ ಕೆಳಗೆ ಅವಳು ಒಬ್ಬಳೇ ಬಿದ್ದಿರ್ಲಿಲ್ಲ ಅಂತ ಅನ್ನಿಸ್ತು. ಅದನ್ನ ಹಿಡ್ಕೊಂಡೇ ಬದುಕಿದೀನಿ."

ಅನ್ನ ಸೀದುಹೋಯಿತು. ಇಬ್ಬರೂ ಏಳಲಿಲ್ಲ.

ಮಾರ್ಚ್ 6

ಕತ್ತರಿ ಹಿಡಿದೆ. ಕತ್ತಿನ ಹಿಂದೆ ತಣ್ಣನೆಯ ಉಸಿರು, ಅದೇ ಗುನುಗು. ಬೇಡ ಎನ್ನಲು ಬಂದಳೋ, ಹೊಲಿ ಎನ್ನಲೋ...

"ನೀನೇ ಹೇಳೇ ಅಕ್ಕ," ಎಂದೆ. ಗುನುಗು ನಿಂತಿತು. ಮಷಿನ್ ಚಕ್ರ ಒಂದು ಸುತ್ತು ತಿರುಗಿತು. ನನ್ನ ಕಾಲು ಪೆಡಲ್ ಮೇಲಿತ್ತು ನಿಜ. ನಾನೇ ತುಳಿದೆನೋ ಏನೋ.

ಹೊಲಿದೆ. ಕಣ್ಣೀರು ಬಿದ್ದರೆ ಸ್ಯಾಟಿನ್ ಮೇಲೆ ಕಲೆ ಉಳಿಯುತ್ತದೆ. ಉಳಿದಿದೆ. ಸಿಟ್ಟಿನದು.

ಮಾರ್ಚ್ 7, ಶುಕ್ರವಾರ

ಮಣ್ಣು ಮಾಡಿದೆವು. ಪಾಸ್ಟರ್, ಅಮ್ಮ, ನಾನು, ಗುಂಡಿ ತೋಡುವವನು. ಬೇರೆ ನರಪಿಳ್ಳೆ ಇಲ್ಲ.

ಪೆಟ್ಟಿಗೆಯಲ್ಲಿ ಭಾವ ಒಣಗಿ ಕಡ್ಡಿಯಾಗಿದ್ದ. ನನ್ನ ತಲೆಯೊಳಗೆ ಬಾಗಿಲಿನಷ್ಟು ಎತ್ತರ ಬೆಳೆದಿದ್ದವನು ಇವನೇನಾ?

ಪಾಸ್ಟರ್ ಉದ್ದ ಮಾತಾಡಲಿಲ್ಲ. "ಯೋಗ್ಯತೆ ನೋಡಿ ದೇವರು ಪ್ರೀತಿಸೋದಾಗಿದ್ರೆ, ಇಲ್ಲಿ ನಿಂತಿರೋ ನಾವೂ ಅನಾಥರೇ." ನನ್ನನ್ನೂ ಇವನ ಸಾಲಿಗೆ ಸೇರಿಸಿದ್ದು ಹಿಡಿಸಲಿಲ್ಲ.

ಮುಚ್ಚಳ ಹಾಕುವಾಗ ಅವನ ತಲೆ ಪಕ್ಕಕ್ಕೆ ವಾಲಿತು. ದಿಂಬು ಸರಿಮಾಡಿದೆ. ಕೈ ತಾನಾಗಿ ಹೋಯಿತು. ಕ್ಷಮಿಸಿಲ್ಲ. ಬರೆದಿಡುತ್ತೇನೆ— ಕ್ಷಮಿಸಿಲ್ಲ.

ಏಪ್ರಿಲ್ 5, ಶನಿವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಅಕ್ಕ ಈಗ ವರ್ಕ್‌ಶಾಪಿಗೆ ಬರುವುದಿಲ್ಲ. ಮನೆಗೇ ಬರುತ್ತಾಳೆ.

ಅಮ್ಮ ಬೆಳಿಗ್ಗೆಯೇ ಸೀರೆ ಬದಲಿಸಿದಳು.

"ಎಲ್ಲಿಗೆ?"

"ಜೈಲಿಗೆ. ಅಲ್ಲಿ ಇನ್ನೊಬ್ಬ ಇದಾನೆ. ನೋಡೋಕೆ ಯಾರೂ ಬರಲ್ವಂತೆ."

"ಏನ್ ಮಾಡಿ ಒಳಗೆ ಹೋದ?"

"ಕೇಳಿಲ್ಲ. ನೀನೂ ಬಾ."

ಆಗಲ್ಲ ಎಂದೆ. ಬಾಗಿಲಲ್ಲಿ ನಿಂತೇ ಇದ್ದಾಳೆ. ಬಸ್ಸಿಗೆ ಹೊತ್ತಾಯಿತು ಎಂದು ಕರೆಯುತ್ತಿದ್ದಾಳೆ. ಒಳಗಿನ ಕೋಣೆಯಿಂದ ಅಕ್ಕನೂ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾಳೆ, ಹೋಗು ಎನ್ನಲೋ, ಇರು ಎನ್ನಲೋ—