ಮೌಶಿಗಾಗಿ ಕಾಯದ ಬುಧವಾರ

ಮೇಲ್ಕಾರವಾರ
ಫೆಬ್ರುವರಿ ೩೦, ೨೧೮೩

ಒಂದೂವರೆ ಶತಮಾನದ ಹಿಂದೆ ಬದುಕುತ್ತಿರುವವರಿಗೆ,

ತಾರೀಖು ನೋಡಿ ಬರೆದವನ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಯಲ್ಲಿ ಉಳಿಯುವ ಐದು ದಿನಗಳಿಗೆ ಹೆಸರೂ ಇಲ್ಲ, ರಜೆಯೂ ಇಲ್ಲ. ನಾನು ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಲ್ಲಿ ಮಾತು ಒರಟಾಗಿ ಕೇಳಿಸಿದರೆ ಕ್ಷಮಿಸಿ. ಹೊಸ ಶಬ್ದ ಬಂದಲ್ಲಿ ಅರ್ಥ ಹೇಳಿ ಮುಂದೆ ಹೋಗುತ್ತೇನೆ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಉಳಿದದ್ದರಲ್ಲಿ ನಿಮ್ಮ ಪಾಲೂ ಇದೆ.

ನೀವು ಕಂಡ ಕಾರವಾರ ಈಗ ನೀರಿನೊಳಗಿದೆ. ಊರಿಗೆ ಊರೇ ಗುಡ್ಡ ಹತ್ತಿ ಕೂತಿದೆ. ಒಂದು ಮೆಟ್ಟಿಲಸಾಲಿಗೆ ನಲವತ್ತು ಮನೆ. ಮನೆಗೂ ಮನೆಗೂ ನಡುವೆ ಇರುವ ಗೋಡೆ ನಿಮ್ಮ ಬೆರಳಿಗಿಂತ ದಪ್ಪವಿಲ್ಲ. ಪಕ್ಕದ ಮನೆಯವರು ಮೀನು ಹುರಿಯುವ ಸದ್ದಿನಿಂದಲೇ ಅದು ಬಂಗಡೆಯೋ ತಾರ್ಲೆಯೋ ಹೇಳಬಲ್ಲೆವು. ಹೀಗೆ ಒತ್ತಿಕೊಂಡು ಬದುಕುವ ಜನ ಒಬ್ಬರ ಗಂಟಲನ್ನು ಇನ್ನೊಬ್ಬರು ಹಿಸುಕಬಾರದೆಂದು ಸದ್ದಿನ ಕಾನೂನು ಬಂತು. ಜನ ಕೂಡುವ ಪ್ರತಿ ಜಾಗದ ಬಾಗಿಲ ಮೇಲೂ ಒಂದು ಕಿವಿಗಲ್ಲು ಕೂರಿಸಿದರು. ಮುಷ್ಟಿಯಷ್ಟು ದೊಡ್ಡ ಕಪ್ಪು ಉಂಡೆ ಅದು. ಒಳಗಿನ ಸದ್ದನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಮೂವರಿಗಿಂತ ಹೆಚ್ಚು ಜನ ಕೂಡಿ ಹಾಡಬೇಕಾದರೆ ಆ ಹಾಡು ಮೊದಲು ನಾದಪಟ್ಟಿಯಲ್ಲಿ, ಅಂದರೆ ಸರ್ಕಾರ ಒಪ್ಪಿದ ಹಾಡುಗಳ ದಾಖಲೆಯಲ್ಲಿ, ಇರಬೇಕು. ಅಲ್ಲಿ ಧ್ವನಿಮುದ್ರಿತವಾದಂತೆಯೇ ಹಾಡಬೇಕು. ತಪ್ಪಿದರೆ ಕಲ್ಲು ಕೆಂಪಾಗುತ್ತದೆ. ಒಮ್ಮೆ ಕೆಂಪಾದರೆ ಮೂರು ವಾರ ಬೀಗ, ಎರಡನೆಯ ಸಲಕ್ಕೆ ಶಾಶ್ವತ ಬೀಗ.

ನಾವು ಯಹೂದಿಗಳು, ಹನ್ನೆರಡು ಜನ ಉಳಿದಿದ್ದೆವು. ಕೊಂಕಣದ ಎಣ್ಣೆ ಗಾಣದವರ ಮೊಮ್ಮಕ್ಕಳು, ಕೊಚ್ಚಿಯಿಂದ ತೇಲಿ ಬಂದವರು, ಎಲ್ಲಿಂದಲೋ ಓಡಿ ಬಂದವರು, ಎಲ್ಲ ಕಲಸಿ ಹೋಗಿ ಆದ ಹನ್ನೆರಡು. ಕೆಲಸವೆಲ್ಲ ಬಿಡುವ ಸಬ್ಬತ್ತಿನ ದಿನ, ಶನಿವಾರ ಇಳಿಹೊತ್ತಿಗೆ, ಮೂರನೆಯ ಊಟದ ತಟ್ಟೆಗಳನ್ನು ಸರಿಸಿ ಮೇಜಿನ ಸುತ್ತ ಕೂತು ನಿಗ್ಗುನ್ ಹಾಡುತ್ತಿದ್ದೆವು. ನಿಗ್ಗುನ್ ಎಂದರೆ ಮಾತಿಲ್ಲದ ಹಾಡು. ಯಾ-ಬಾ-ಬಮ್, ಲೈ-ಲೈ-ಲೈ, ಅಷ್ಟೇ. ದೇವರಿಗೆ ಏನು ಹೇಳಬೇಕೆಂದು ತಿಳಿಯದವರ ಪ್ರಾರ್ಥನೆ. ವಾದ್ಯವಿಲ್ಲ, ಮೇಜೇ ತಾಳ. ನಮ್ಮ ನಿಗ್ಗುನಿಗೆ ಎರಡು ಭಾಗ: ಕೆಳಗೆ ಸುತ್ತುವ ಮೊದಲ ಭಾಗ, ಮೇಲಕ್ಕೆ ಹತ್ತುವ ಎರಡನೆಯದು. ಇವೆರಡರ ನಡುವೆ ನಮ್ಮವರು ಮಾತ್ರ ಪಾಲಿಸುತ್ತಿದ್ದ ಒಂದು ಪದ್ಧತಿ ಇತ್ತು. ಮೊದಲ ಭಾಗದ ಕೊನೆಗೆ ಎಲ್ಲರಿಗಿಂತ ಹಿಂದುಳಿದ ದನಿ ಬಂದು ಮುಟ್ಟುವವರೆಗೆ ಯಾರೂ ಮೇಲೆ ಹತ್ತುವಂತಿರಲಿಲ್ಲ. ಈ ಕಾಯುವಿಕೆಯನ್ನು ತಂಗು ಎನ್ನುತ್ತಿದ್ದೆವು. ತಂಗಿನಲ್ಲಿ ಹನ್ನೊಂದು ಜನ ಬಾಯಿ ಮುಚ್ಚಿ ಒಂದೇ ದನಿಯನ್ನು ಕೇಳುತ್ತಿದ್ದೆವು.

ಆ ದನಿ ಮೊಝೆಲ್ ಕಾಳೀಕರ್ ಅವರದು. ಎಲ್ಲರಿಗೂ ಅವರು ಮೌಶಿ, ಅಂದರೆ ತಾಯಿಯ ಸೋದರಿ. ನಮಗೆಲ್ಲ ಈ ಹಾಡು ಕಲಿಸಿದವರೇ ಅವರು. ಎಂಬತ್ತರ ಹತ್ತಿರ ಪಾರ್ಶ್ವವಾಯು ಬಡಿದು ಮುಖದ ಎಡಭಾಗ ಜೋತುಬಿತ್ತು. ಆಮೇಲಿನಿಂದ ಅವರ ಸ್ವರ ಪ್ರತಿ ಮೆಟ್ಟಿಲಿಗೂ ಕೂತು ಸುಧಾರಿಸಿಕೊಂಡು ಬರುವಂತೆ ಬರುತ್ತಿತ್ತು. ಶ್ರುತಿ ಸರಿ ಇರುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮುಟ್ಟಿದ ಮೇಲೆ ಬಲಗೈಯ ತೋರುಬೆರಳನ್ನು ಮೇಜಿನಿಂದ ಎತ್ತುತ್ತಿದ್ದರು. ಬೆರಳು ಎದ್ದ ಕೂಡಲೇ ನಾವು ಹತ್ತುತ್ತಿದ್ದೆವು.

ನಾದಪಟ್ಟಿಗೆ ಸೇರದಿದ್ದರೆ ಹಾಡು ನಿಲ್ಲಿಸಬೇಕಿತ್ತು. ಅರ್ಜಿ ಹಾಕಿದೆವು. ನಾದಾಧಿಕಾರಿ ತಾರಾಮತಿ ಗಾಂವಕರ್ ಬಂದರು. ಬಹಳ ಮರ್ಯಾದೆಯ ಹೆಂಗಸು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಮುದ್ರಣ ಜೀವಂತವಾಗಿಯೇ ಆಗಬೇಕು, ಎಲ್ಲರೂ ಒಂದೇ ಕೋಣೆಯಲ್ಲಿ, ತುಂಡು ಜೋಡಿಸುವಂತಿಲ್ಲ ಎಂದರು. ಕೇಳಿ ನಮಗೆ ಖುಷಿಯಾಯಿತು. ಆಮೇಲೆ ಎರಡನೆಯ ನಿಯಮ ಹೇಳಿದರು: ನಡುವೆ ಮೂರು ಕ್ಷಣಕ್ಕಿಂತ ಹೆಚ್ಚು ಗುಂಪು ನಿಲ್ಲುವಂತಿಲ್ಲ, ಲಯ ಬದಲಾಗುವಂತಿಲ್ಲ. ನಿಂತು ನಿಂತು ಬರುವ ಸದ್ದೇ ನೆರೆಯವರಿಗೆ ಹೆಚ್ಚು ಕಿರುಕುಳವಂತೆ. ಅದಕ್ಕೊಂದು ಅಧ್ಯಯನವೂ ಆಗಿತ್ತು. ಮೌಶಿಯ ಕಡೆ ನೋಡದೆಯೇ, "ಅಜ್ಜಿ ಆ ಒಂದು ದಿನ ವಿಶ್ರಾಂತಿ ತಗೊಳ್ಳಲಿ ಬಿಡಿ" ಎಂದರು.

ಮುದ್ರಣ ಬುಧವಾರಕ್ಕೆ ನಿಗದಿಯಾಯಿತು, ಯಾಕೆಂದರೆ ಸಬ್ಬತ್ತಿನ ದಿನ ನಾವು ಮುದ್ರಣ ಮಾಡಿಸುವುದಿಲ್ಲ. ಇಲ್ಲೇ ನಾವು ಎಡವಿದ್ದು. ಬುಧವಾರದ ಹಾಡು ನಮ್ಮ ಲೆಕ್ಕಕ್ಕೆ ಹಾಡೇ ಅಲ್ಲ. ಊಟವಿಲ್ಲ, ಬಿಳಿ ಬಟ್ಟೆಯಿಲ್ಲ, ಕೇಳಲು ದೇವರು ಕೂತಿಲ್ಲ. ಅದೊಂದು ನಮೂನೆ ಮಾತ್ರ. ಒಂದು ನಮೂನೆಯಲ್ಲಿ ತಂಗು ಬಿಟ್ಟರೆ ಏನು ಹೋಯಿತು, ಶನಿವಾರದಿಂದ ಎಂದಿನಂತೆ ಕಾಯುತ್ತೇವಲ್ಲ, ಎಂದು ನಮ್ಮನ್ನು ನಾವೇ ಒಪ್ಪಿಸಿಕೊಂಡೆವು. "ನಮ್ಮ ಪ್ರಾರ್ಥನೆಗೇ ಹತ್ತು ಜನ ಸೇರಿದರೆ ಸಾಕು, ಹಾಡಿಗೆ ಹನ್ನೊಂದು ಸಾಲದಾ?" ಎಂದದ್ದು ಬೇರೆ ಯಾರೂ ಅಲ್ಲ, ನಾನು. ಎಲ್ಲರೂ ನಕ್ಕರು ಕೂಡ.

ಹೇಳುವ ಕೆಲಸ ರಹಮೀಮನ ಪಾಲಿಗೆ ಬಂತು. ಅವನು ಮೌಶಿಯ ಸ್ವಂತ ತಂಗಿಯ ಮಗ, ಹಾಡು ಎತ್ತಿಕೊಡುವವನು. "ಮೌಶಿ, ಬುಧವಾರ ಒಂದಿನ ಬರೀ ಬಾಯಿ ಆಡಿಸು, ಸಾಕು. ದನಿ ಬೇಡ."

ಮೌಶಿ ಅವನನ್ನೇ ನೋಡಿ, "ಬಾಯಿ ಅರ್ಧ ಸತ್ತದೆ ಮಾರಾಯ, ಆಡಿಸ್ಲಿಕ್ಕೆ ಆಗದ್ದೇ ಅದು. ಇರೋದು ದನಿ ಒಂದೇ. ಅದನ್ನೂ ನೀನು ಇಟ್ಕೋ" ಎಂದರು. ಆಮೇಲೆ ತಾವೇ ಜೋರಾಗಿ ನಕ್ಕು ಒಪ್ಪಿಕೊಂಡರು.

ಅವರು ಕೊಟ್ಟ ಮಾತು ಉಳಿಸಿಕೊಂಡರು. ಬುಧವಾರ ನಮ್ಮ ನಡುವೆಯೇ ಕೂತಿದ್ದರು. ಒಂದು ಸ್ವರವೂ ಹೊರಡಲಿಲ್ಲ. ಮೊದಲ ಭಾಗ ಮುಗಿಯಿತು, ನಾವು ನಿಲ್ಲದೆ ಹತ್ತಿದೆವು. ನಾನು ಎದುರಿಗಿದ್ದೆ, ನೋಡಿದೆ. ಮನಸ್ಸಿನಲ್ಲೇ ಹಾಡುತ್ತಿದ್ದರೆಂದು ಕಾಣುತ್ತದೆ; ನಾವು ಎರಡನೆಯ ಭಾಗದ ನಡುವೆ ಇದ್ದಾಗ ಅವರ ಬೆರಳು ಮೇಜಿನಿಂದ ಎದ್ದಿತು. ಎದ್ದದ್ದು ಗಾಳಿಯಲ್ಲೇ ನಿಂತಿತು. ಯಾರಿಗೂ ಆ ಬೆರಳು ಬೇಕಿರಲಿಲ್ಲ. ಮುದ್ರಣ ಒಂದೇ ಸಲಕ್ಕೆ ಒಪ್ಪಿಗೆಯಾಯಿತು. ಗಾಂವಕರ್ ಬಾಯಿಯವರು ಚಪ್ಪಾಳೆ ತಟ್ಟಿದರು.

ಶನಿವಾರ ಎಂದಿನಂತೆ ಕೂತೆವು, ಎಂದಿನಂತೆ ತಂಗಿದೆವು. ಮೌಶಿಯ ದನಿ ಅರ್ಧ ದಾರಿಗೆ ಬರುವಷ್ಟರಲ್ಲಿ ಬಾಗಿಲ ಮೇಲಿನ ಕಲ್ಲು ಕೆಂಪಾಯಿತು. ಬೀಗ ಬಿತ್ತು. ರಹಮೀಮ್ ಕಚೇರಿಗೆ ಓಡಿದ, ನಾನೂ ಜೊತೆಗಿದ್ದೆ. ಅದು ಬುಧವಾರದ ಹಾಡು, ನಮ್ಮ ನಿಜವಾದ ಹಾಡು ಬೇರೆ ಎಂದು ಬೇಡಿಕೊಂಡ.

"ಬುಧವಾರವೋ ಶನಿವಾರವೋ ಕಲ್ಲಿಗೇನು ಗೊತ್ತು ರಾಯರೇ?" ಎಂದರು ಗಾಂವಕರ್ ಬಾಯಿ. "ಹಾಡಿದ್ದು ನೀವೇ ಅಲ್ವಾ? ನಾನೇನು ಕತ್ತರಿಸ್ಲಿಲ್ಲ, ಸೇರಿಸ್ಲಿಲ್ಲ." ನಿಜ. ಒಂದು ಸಮುದಾಯಕ್ಕೆ ಒಂದೇ ಮುದ್ರಣ. ತಂಗನ್ನು ಕಾನೂನಿನಿಂದ ಹೊರಗೆ ಹಾಕಿದವರು ನಾವೇ, ಅದೂ ನಮ್ಮದೇ ಗಂಟಲಿನಿಂದ.

ಬೀಗ ತೆಗೆದ ಮೇಲೆ ಮೌಶಿಗೆ ಒಳಗೆ ಜಾಗವಿರಲಿಲ್ಲ. ಅವರು ಹೊರಗಿನ ಮೆಟ್ಟಿಲ ಮೇಲೆ ಕೂತರು. ಒಂಟಿ ದನಿಗೆ ಕಾನೂನು ಅಡ್ಡ ಬರುವುದಿಲ್ಲ. ನಾವು ಒಳಗೆ ಸರಸರನೆ ಹಾಡಿ ಮುಗಿಸುತ್ತಿದ್ದೆವು, ಅವರು ಹೊರಗೆ ಹಿಂದೆ ಹಿಂದೆ ಬರುತ್ತಿದ್ದರು. ಮೆಟ್ಟಿಲಸಾಲಿನ ಹುಡುಗಿಯರು ಬಾಯಿ ಸೊಟ್ಟ ಮಾಡಿ ಅವರಂತೆಯೇ ಹಾಡಿ ತೋರಿಸಿ ಓಡುತ್ತಿದ್ದರು. ಆರನೆಯ ವಾರ ಸೆಕೆಗೆ ಕಿಟಕಿ ತೆರೆದಿತ್ತು. ಅವರ ದನಿ ಒಳಗೆ ಬಂದದ್ದೇ ಕಲ್ಲು ಮಿನುಗತೊಡಗಿತು. ಅವರನ್ನು ಹನ್ನೆರಡನೆಯವರೆಂದು ಅದು ಲೆಕ್ಕ ಹಿಡಿಯುತ್ತಿತ್ತು. ರಹಮೀಮ್ ಎದ್ದು ಹೋಗಿ ಕಿಟಕಿ ಹಾಕಿ ಚಿಲಕ ಜಡಿದ. ಮೌಶಿ ಸ್ವರದ ನಡುವೆ ಇದ್ದರು. ನಮ್ಮ ಹಾಡು ನಿಲ್ಲಲಿಲ್ಲ. ಮುಗಿಸಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಮುಂದಿನ ವಾರವೂ ಇರಲಿಲ್ಲ. ನೋಡಿಕೊಂಡು ಬರಲು ಯಾರೂ ಹೋಗಲಿಲ್ಲ. ಹೋದರೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಎಂಟು ತಿಂಗಳ ನಂತರ ಅವರನ್ನು ಮಣ್ಣು ಮಾಡಲು ಮಾತ್ರ ಎಲ್ಲರೂ ಹೋದೆವು.

ಶೋಕದ ಮೂವತ್ತು ದಿನ ಕಳೆದ ಮೇಲೆ ನಮಗೆ ದೊಡ್ಡ ಮನಸ್ಸು ಬಂತು. ಕಿವಿಗಲ್ಲಿಲ್ಲದ ಕಡೆ ಹೋಗಿ ಅವರ ಹೆಸರಿನಲ್ಲಿ ಒಮ್ಮೆ ಸರಿಯಾಗಿ ಹಾಡೋಣವೆಂದು ದೋಣಿ ಮಾಡಿಕೊಂಡು ಮುಳುಗಿದ ಊರಿನ ಮೇಲೆ ಹೋದೆವು. ಸುತ್ತ ನೀರು, ಒಂದು ಚರ್ಚಿನ ತುದಿ, ಕಾಗೆಗಳು. ಯಾವ ಕಾನೂನೂ ಅಲ್ಲಿಲ್ಲ. ಮೊದಲ ಭಾಗ ಹಾಡಿದೆವು. ಅದರ ಕೊನೆ ಬಂತು. ಹನ್ನೊಂದು ಜನವೂ ಒಂದೇ ಉಸಿರಿನಲ್ಲಿ ಹತ್ತಿಬಿಟ್ಟೆವು. ಮತ್ತೆ ಶುರು ಮಾಡಿದೆವು, ಮತ್ತೆ ಹತ್ತಿದೆವು. ಐದು ಸಲ. ಎಷ್ಟು ಹೊತ್ತು ಕಾಯಬೇಕೆಂದು ಒಬ್ಬರಿಗೂ ನೆನಪಿರಲಿಲ್ಲ. ಕಾಯುವುದು ಯಾರಿಗಾಗಿ ಎಂಬುದು ಗೊತ್ತಿತ್ತು, ಅವರು ದೋಣಿಯಲ್ಲಿರಲಿಲ್ಲ. ದಡಕ್ಕೆ ಮರಳುವಾಗ ರಹಮೀಮ್, "ಲಯ ಮಾತ್ರ ಚೆನ್ನಾಗಿ ಕೂತಿದೆ" ಎಂದ. ಅವನು ಅಳುತ್ತಿರಲಿಲ್ಲ.

ನಾನು ಹಳೆಯದನ್ನು ಓದುವವನು. ತಪ್ಪಿದ ಸ್ವರವನ್ನು ಯಂತ್ರದಿಂದ ನೆಟ್ಟಗೆ ಮಾಡುವ ಚಟ ನಿಮ್ಮ ಕಾಲದ್ದು. ಕೂಡಿ ಹಾಡುವವರ ಸುತ್ತ ಮೈಕು ಇಟ್ಟು, ಕೆಮ್ಮುವ ಮುದುಕಿಯನ್ನು ನಗುತ್ತ ಹಿಂದಿನ ಸಾಲಿಗೆ ಕಳಿಸಿದವರು ನೀವು. ನಮ್ಮ ಕಲ್ಲು ಆಕಾಶದಿಂದ ಬೀಳಲಿಲ್ಲ. ನಿಮ್ಮ ಒಳ್ಳೆಯ ಅಭಿರುಚಿಗೆ ನಾವು ಕಾನೂನಿನ ಮುದ್ರೆ ಒತ್ತಿದೆವು, ಅಷ್ಟೇ. ಈಗ ಆ ಬುಧವಾರದ ಮುದ್ರಣವನ್ನು ಶಾಲೆಗಳಲ್ಲಿ ಕೇಳಿಸುತ್ತಾರೆ, ಯಹೂದಿಗಳ ಒಗ್ಗಟ್ಟಿನ ಮಾದರಿಯೆಂದು.

ನನ್ನ ಕೋರಿಕೆ ಒಂದೇ. ನೀವು ಮುದ್ರಿಸಲು ಕೂತಾಗ, ಎಲ್ಲರಿಗಿಂತ ನಿಧಾನದವಳು ಬಾಗಿಲಲ್ಲಿ ಬಂದು ನಿಂತರೆ, ಅವಳನ್ನು ಒಳಗೆ ಕರೆದು ಅವಳ ಮುಂದೆ ಮೈಕು ಇಡಿ. ಅದು ಆಗದಿದ್ದರೆ ಯಂತ್ರ ಮುಚ್ಚಿ ಮನೆಗೆ ಹೋಗಿ. ಹಾಡು ಅವಳ ಜೊತೆಗೇ ಸಾಯಲಿ. ನಮ್ಮದು ಸಾಯಲಿಲ್ಲ; ಪ್ರತಿ ಶನಿವಾರ ಒಂದೂ ತಪ್ಪಿಲ್ಲದೆ ಹಾಡುತ್ತೇವೆ.

ಎಲ್ಕಾನ ಬಂದರ್ಕರ್