ಒಳಗೆ ದೀಪ, ಹೊರಗೆ ಬೀಗ

ಹೊನ್ನಾಳಿ
೧೧ ಮಾರ್ಚ್ ೨೦೨೫

ಪ್ರೀತಿಯ ಗುರು,

ನಿನ್ನ ಸೊಂಟನೋವು ಹೇಗಿದೆ? ಮಸ್ಕತ್ತಿನ ಬಿಸಿಲಿನಲ್ಲಿ ದಿನವಿಡೀ ಕ್ರೇನಿನ ಮೇಲೆ ಕೂರುವವನು ರಾತ್ರಿಯಾದರೂ ನೆಟ್ಟಗೆ ಊಟ ಮಾಡು. ಬ್ರೆಡ್ಡು ತಿಂದು ಹೊಟ್ಟೆ ತುಂಬಿತು ಎನ್ನುವ ನಿನ್ನ ಚಾಳಿ ನನಗೆ ಗೊತ್ತಿಲ್ಲದ್ದೇನಲ್ಲ. ರಜೆ ಮುಗಿಸಿ ಮಸ್ಕತ್ತಿಗೆ ಹೊರಟಿರುವ ಸಾದಿಕ್ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸುತ್ತಿದ್ದೇನೆ. ರೂಮಿನವರಿಗೆಲ್ಲ ಹಂಚಿ ದೊಡ್ಡಸ್ತಿಕೆ ತೋರಿಸಬೇಡ. ಈ ಪತ್ರವೂ ಅವನ ಜೊತೆಗೇ ಬರುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಣ್ಣ ಪಕ್ಕದಲ್ಲೇ ಕೂತಿರುತ್ತಾರೆ, ನಾನು ಬಾಯಿ ತೆರೆದರೆ ಫೋನು ಕಿತ್ತುಕೊಳ್ಳುತ್ತಾರೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಏಳುತ್ತಿಲ್ಲ.

ಗೋವಿನಕೋವಿಯ ನಿನ್ನ ಮನೆಗೆ ಬೆಂಕಿ ಬಿದ್ದದ್ದು, ಕಾಟಮ್ಮ ಅದರೊಳಗೆ ಸತ್ತದ್ದು ನಿನಗೆ ಗೊತ್ತು. ಅಲ್ಲಿ ನಾವೇ ವಾಸವಿದ್ದೆವು, ಅವತ್ತು ನಾವಿಲ್ಲದಾಗ ಅವಳು ಕಳ್ಳತನಕ್ಕೆ ನುಗ್ಗಿದ್ದಳು ಎಂದು ನಿಮ್ಮಣ್ಣ ಪೊಲೀಸರಿಗೂ ಇನ್ಶೂರೆನ್ಸಿನವರಿಗೂ ಹೇಳಿದ್ದಾರೆ. ಅದಕ್ಕೆ ನೀನೂ ಹ್ಞೂಂ ಅಂದೆಯಂತೆ. ಹೌದೇನೋ? ನಾನು ಮದುವೆಯಾಗಿ ಬಂದಾಗ ನೀನು ಇನ್ನೂ ಹೈಸ್ಕೂಲು, ನನ್ನ ಕೈತುತ್ತು ತಿಂದು ಬೆಳೆದವನು. ನೀನು ಹಾಗೆ ಅಂದೆ ಎಂಬುದನ್ನು ನಂಬಲು ನನಗೆ ಇವತ್ತಿಗೂ ಆಗುತ್ತಿಲ್ಲ.

ಎರಡು ವರ್ಷಕ್ಕೊಮ್ಮೆ ರಜೆಗೆ ಬಂದಾಗ ಇರಲು ನೀನು ಹೊಳೆ ಕಡೆ ಅಷ್ಟು ಚಂದದ ಮನೆ ಕಟ್ಟಿಸಿದೆ. ಊರವರು ಅದನ್ನು ರಜೆಮನೆ ಎಂದೇ ಕರೆಯುತ್ತಾರೆ. ಇನ್ಶೂರೆನ್ಸ್ ಮಾಡಿಸಲು ಚನ್ನಗಿರಿಯಿಂದ ಏಜೆಂಟ್ ಬಂದ ದಿನ ಚಹಾ ಕೊಟ್ಟವಳು ನಾನೇ, ಅಲ್ಲೇ ನಿಂತಿದ್ದೆ. ತಿಂಗಳುಗಟ್ಟಲೆ ಖಾಲಿ ಬಿದ್ದ ಮನೆಗೆ ಏನಾದರೂ ಆದರೆ ಕಂಪನಿ ಕೊಡುವುದಿಲ್ಲ, ಯಾರಾದರೂ ವಾಸವಿರಬೇಕು ಎಂದ. ಕಳ್ಳತನವಾದರೆ ಬೀಗ ಒಡೆದ ಗುರುತು ಬೇಕು, ಬೀಗವಿಲ್ಲದ ಮನೆಗೆ ಅದೂ ಇಲ್ಲ ಎಂದ. ಅಣ್ಣತಮ್ಮ ಇಬ್ಬರೂ ಫೋನಿನಲ್ಲಿ ಲೆಕ್ಕ ಹಾಕಿದಿರಿ. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಕಾಟಮ್ಮನನ್ನು ಮಲಗಲು ಹಾಕಿದರೆ ವಾಸವೂ ಆಯಿತು, ಸಂಜೆ ದೇವರಿಗೆ ದೀಪವೂ ಆಯಿತು. ಅವಳು ಒಳಗೆ ಹೋದ ಮೇಲೆ ಪಕ್ಕದ ಮನೆಯ ಗೋಣೆಪ್ಪ ಹೊರಗಿನಿಂದ ಬೀಗ ಹಾಕಿಕೊಂಡರೆ ಬೀಗದ ಷರತ್ತೂ ಆಯಿತು. ಬೆಳಗ್ಗೆ ಅವನೇ ತೆಗೆಯಬೇಕು. ನನಗೆ ಸರಿಬರಲಿಲ್ಲ. ಹಟ್ಟಿಯಲ್ಲಿ ದನ ಕಟ್ಟುವವರೂ ಹೀಗೆ ಮಾಡುವುದಿಲ್ಲ ಎಂದೆ. "ನಿನಗೇನು ತಿಳೀತೈತೆ, ಒಳಗೆ ಹೋಗು" ಅಂದರು ನಿಮ್ಮಣ್ಣ. ಕಾಟಮ್ಮ ಮಾತ್ರ ನಕ್ಕಳು. "ಇರ್ಲಿ ಬಿಡ್ರವ್ವ, ನನ್ನನ್ನ ಯಾರು ಕದ್ದುಕೊಂಡು ಹೋಗ್ತಾರೆ" ಅಂದಳು.

ಮನೆಯನ್ನು ಕನ್ನಡಿಯಂತೆ ಇಟ್ಟಿದ್ದಳು ಗುರು. ನಾನು ಹೋದಾಗೆಲ್ಲ ನೋಡಿದ್ದೇನೆ, ನಿನ್ನ ಸೋಫಾದ ಮೇಲೆ ಒಂದು ದಿನವೂ ಕೂರಲಿಲ್ಲ. "ಧೂಳು ಹೊಡೀತೀನಿ ಕಣ್ರವ್ವ, ಕೂರಾಕೆ ಮನಸು ಬರಂಗಿಲ್ಲ. ಕಟ್ಟಿಸಿದೋರು ಬಂದು ಮೊದ್ಲು ಕೂರ್ಲಿ" ಅನ್ನುತ್ತಿದ್ದಳು. ಅಡುಗೆಮನೆಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಅಂಥವಳು ಕಳ್ಳಿಯಂತೆ.

ಬೆಂಕಿ ಬಿದ್ದ ದಿನ ಗೋಣೆಪ್ಪ ಸವಳಂಗಕ್ಕೆ ನಿಶ್ಚಿತಾರ್ಥಕ್ಕೆ ಹೊರಟಿದ್ದ. ಬಸ್ಸು ತಪ್ಪೀತೆಂದು ಹೊತ್ತು ಮುಳುಗುವ ಮೊದಲೇ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋದ. ಇನ್ವರ್ಟರ್ ಸುಟ್ಟಿತೋ, ದೀಪ ಪರದೆಗೆ ತಾಗಿತೋ, ಯಾರಿಗೂ ಗೊತ್ತಿಲ್ಲ. ಜನ ಓಡಿಬಂದಾಗ ಅವಳು ಕಿಟಕಿಯ ಗ್ರಿಲ್ ಹಿಡಿದು ನಿಂತಿದ್ದಳಂತೆ. "ಬೀಗ ತೆಗೀರಪ್ಪೋ" ಎಂದು ಕೂಗಿದ್ದನ್ನು ಬೀದಿಯೆಲ್ಲ ಕೇಳಿದೆ. ನಿನ್ನ ತೇಗದ ಬಾಗಿಲು ಹಾರೆಗೂ ಬಗ್ಗಲಿಲ್ಲ. ಬಾಗಿಲು ಮುರಿಯುವ ಹೊತ್ತಿಗೆ ಕೂಗು ನಿಂತಿತ್ತು. ಕೇಳಿದವರು ಈಗ ಬಾಯಿ ಬಿಡುತ್ತಿಲ್ಲ. ನಿಮ್ಮಣ್ಣನನ್ನು ಎದುರುಹಾಕಿಕೊಳ್ಳಲು ಅವರಿಗೆ ಭಯ. ಮನುಷ್ಯರನ್ನು ಕೂಡಿಹಾಕಿದ್ದಕ್ಕೆ ಜೈಲಾಗುತ್ತದೆಂದು ನಿಮ್ಮಣ್ಣನಿಗೆ ಭಯ. ಗೋಣೆಪ್ಪ ಇನ್ನೂ ಊರಿಗೆ ಬಂದಿಲ್ಲ.

ನಿನ್ನೆ ಜಗಳೂರಿನಿಂದ ಕಾಟಮ್ಮನ ಮಗಳು ಉಡಚಮ್ಮ ಬಂದಿದ್ದಳು. ಹೊಸ್ತಿಲ ಆಚೆಯೇ ನಿಂತಳು, ನೀರು ಕೊಟ್ಟರೂ ಮುಟ್ಟಲಿಲ್ಲ. ಪರಿಹಾರ ಕೇಳಲು ಬಂದಳೆಂದು ನಿಮ್ಮಣ್ಣ ಹಿತ್ತಲ ಬಾಗಿಲಿನಿಂದ ಎದ್ದುಹೋದರು. ಅವಳು ಕೇಳಿದ್ದು ಒಂದೇ ಮಾತು: "ನಮ್ಮವ್ವ ಕಳ್ಳಿ ಅಂತೆ, ಹೌದೇನ್ರೀ ಅಕ್ಕಾ? ನಮ್ಮ ಊರಾಗೆ ಮಣ್ಣಿಗೂ ಯಾರೂ ಬರಲಿಲ್ಲ." ನಾನು ಅಲ್ಲ ಅನ್ನಲಿಲ್ಲ ಗುರು. ಅವಳು ಹೋದ ಮೇಲೆ ಒಲೆ ಹಚ್ಚಲೂ ಆಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ.

ಅದಕ್ಕೇ ಬೇಡಿಕೊಳ್ಳುತ್ತಿದ್ದೇನೆ. ಮನೆ ನಿನ್ನದು, ಇನ್ಶೂರೆನ್ಸ್ ನಿನ್ನ ಹೆಸರಿನಲ್ಲಿದೆ. ನಿಮ್ಮಣ್ಣ ನನ್ನ ಮಾತು ಕೇಳದಿದ್ದರೂ ನಿನ್ನ ಮಾತು ಕೇಳುತ್ತಾರೆ. ನಿಜ ಹೇಳಿ ಎಂದು ನೀನೇ ಅವರಿಗೆ ಹೇಳು. ದುಡ್ಡು ಬಾರದಿದ್ದರೆ ಬೇಡ, ಸುಟ್ಟ ಗೋಡೆ ಹಾಗೇ ನಿಲ್ಲಲಿ.

ಮೈ ಹುಷಾರಾಗಿ ನೋಡಿಕೋ. ದೇವರು ನಿನಗೆ ಒಳ್ಳೆಯ ಬುದ್ಧಿ, ಗಟ್ಟಿ ಎದೆ ಎರಡನ್ನೂ ಕೊಡಲಿ.

ನಿನ್ನ ಅತ್ತಿಗೆ,
ಉಷಾರಾಣಿ

ತಾ.ಕ.: ಇದು ಮಾರನೆಯ ದಿನ ಬರೆಯುತ್ತಿರುವುದು. ಸಾದಿಕ್ ಬಾಗಿಲಲ್ಲಿ ಬೈಕು ಬಂದ್ ಮಾಡದೆ ನಿಂತಿದ್ದಾನೆ. ನಿನ್ನ ಉತ್ತರಕ್ಕೆ ಕಾಯಲು ನನ್ನಿಂದ ಆಗಲಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ, ಗೋವಿನಕೋವಿಯಲ್ಲೇ ಉಳಿದುಕೊಂಡಿದ್ದ ಉಡಚಮ್ಮನನ್ನು ಕರೆದುಕೊಂಡು ನ್ಯಾಮತಿ ಠಾಣೆಗೆ ಹೋಗಿ ಎಲ್ಲ ಹೇಳಿ ಬಂದೆ. ನಿಮ್ಮಣ್ಣನಿಗೆ ಇನ್ನೂ ಗೊತ್ತಿಲ್ಲ, ಮಧ್ಯಾಹ್ನ ಊಟಕ್ಕೆ ಬಂದಾಗ ನಾನೇ ಹೇಳುತ್ತೇನೆ. ಬೀಗ ಹಾಕಿಸಿದ್ದು ಯಾರೆಂದು ಪೊಲೀಸರು ಕೇಳಿದರು. ಗಂಡನ ಹೆಸರು ಹೇಳಿದೆ. ನಿನ್ನ ಹೆಸರನ್ನೂ ಹೇಳಿದ್ದೇನೆ, ಗುರು.